ಮೊವಾಯ್ ನಡೆದೇ ಹೋದವು, ಸಾಕಾ?

ರಾಪಾ ನುಯಿ, ಅಂದರೆ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಹೆಸರೆತ್ತಿದರೆ ಸಾಕು, ಅದೇ ಪ್ರಶ್ನೆ: "ಆ ಜನ ಅಷ್ಟು ದೊಡ್ಡ ಮೂರ್ತಿಗಳನ್ನ ಹೇಗ್ರೀ ಸಾಗಿಸಿದ್ರು? ಅನ್ಯಗ್ರಹದವರು ಬಂದಿದ್ರಂತಲ್ಲ?" ಬಂದಿರಲಿಲ್ಲ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಆ ಕಲ್ಲಿನ ಮೂರ್ತಿಗಳೇ ಮೊವಾಯ್. ಹೆಚ್ಚಿನವನ್ನು ಕಡೆದದ್ದು ರಾನೋ ರಾರಾಕು ಎಂಬ ಆರಿದ ಜ್ವಾಲಾಮುಖಿಯ ಬದಿಯಲ್ಲಿ. ಅಲ್ಲಿಯದು ಬೂದಿ ಹೆಪ್ಪುಗಟ್ಟಿ ಆದ ಮೆದು ಕಲ್ಲು. ಗಟ್ಟಿ ಬಸಾಲ್ಟಿನ ಕೈಗೊಡಲಿಗೆ ಮಣಿಯುತ್ತದೆ. ಅಂಗಾತ ಮಲಗಿರುವಾಗಲೇ ಮುಖ, ಕೈ ಕೆತ್ತುತ್ತಿದ್ದರು. ಆಮೇಲೆ ಬೆನ್ನಡಿಯ ಕಲ್ಲು ಕಡಿದು, ಇಳಿಜಾರಿನಲ್ಲಿ ಜಾರಿಸಿ, ಗುಂಡಿಯಲ್ಲಿ ನಿಲ್ಲಿಸಿ ಬೆನ್ನಿನ ಕೆಲಸ ಮುಗಿಸುತ್ತಿದ್ದರು.

ದಾರಿಯಲ್ಲಿ ಬಿದ್ದುಹೋದ ಮೊವಾಯ್‌ಗಳ ಬುಡ ಅಗಲ, ಮೈ ಮುಂದಕ್ಕೆ ವಾಲಿದೆ. ಅಹು, ಅಂದರೆ ಕಟ್ಟೆ, ಅದರ ಮೇಲೆ ನೆಟ್ಟವು ಹಾಗಿಲ್ಲ. ವಾಲಿಸಿದ್ದು ನಡೆಸಲಿಕ್ಕೆ ಎನ್ನುತ್ತಾರೆ ಪುರಾತತ್ತ್ವಜ್ಞರಾದ ಟೆರಿ ಹಂಟ್ ಮತ್ತು ಕಾರ್ಲ್ ಲಿಪೋ. ಹವಾಯಿಯಲ್ಲಿ 4.35 ಟನ್ನಿನ ಕಾಂಕ್ರೀಟ್ ಪ್ರತಿ ಮಾಡಿ, 18 ಜನ, 3 ಹಗ್ಗದಲ್ಲಿ, 40 ನಿಮಿಷಕ್ಕೆ 100 ಮೀಟರ್ ನಡೆಸಿಯೂ ತೋರಿಸಿದರು. ತಲೆಗೆ ಕಟ್ಟಿದ ಎರಡು ಹಗ್ಗಗಳನ್ನು ಎಡಬಲದವರು ಸರದಿಯಂತೆ ಎಳೆದರೆ ಮೂರ್ತಿ ಒಂದು ಅಂಚಿನ ಮೇಲೆ ತಿರುಗಿ ಹೆಜ್ಜೆ ಇಡುತ್ತದೆ, ಮನೆಯಲ್ಲಿ ನಾವು ಬೀರು ಸರಿಸುವ ಹಾಗೆ. ಮೂರನೆಯ ಹಗ್ಗ ಹಿಂದೆ. ಅದು ಸಡಿಲವಾದರೆ ಮುಗ್ಗರಿಸಿ ಕುತ್ತಿಗೆ ಮುರಿಯುತ್ತದೆ. ಕಟ್ಟೆ ತಲುಪಿದ ಮೇಲೆ ಬುಡ ಕೆತ್ತಿ ನೇರ ಮಾಡುವುದು, ಕಣ್ಣಿನ ಗುಳಿ ತೋಡುವುದು. ಮಲಗಿಸಿಯೇ ಎಳೆದರು ಎನ್ನುವ ವಿದ್ವಾಂಸರೂ ಇದ್ದಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ: ಮಲಗಿಸಿ ಒಯ್ಯುವುದಕ್ಕೆ ವಾಲಿದ ಬುಡ ಯಾಕೆ ಬೇಕಿತ್ತು? "ನಡೆದವು" ಎಂದು ದ್ವೀಪದವರೇ ಹೇಳುತ್ತ ಬಂದಿದ್ದರು, ಕೇಳಿದವರು ಅದನ್ನು ಕಟ್ಟುಕಥೆ ಅಂದುಕೊಂಡರು.

ನನಗೆ ಸಿಟ್ಟು ಬರುವುದು "ಆ ಜನ" ಎನ್ನುವಲ್ಲಿ. ಸತ್ತು ಮುಗಿದವರ ಬಗ್ಗೆ ಮಾತಾಡುವ ಧಾಟಿ ಅದು. ಅವರು ಇದ್ದಾರೆ, ಹಂಗಾ ರೋವಾ ಊರಿನಲ್ಲಿ. ಅವರ ಸಂಖ್ಯೆ ಕರಗಿದ್ದು ಹೇಗೆ ಅಂತ ಕೇಳಿ, ಕೂತು ಹೇಳುತ್ತೇನೆ. 1862–63ರಲ್ಲಿ ಪೆರುವಿಗೆ ಆಳು ಹಿಡಿಯುವ ಹಡಗುಗಳು ಸುಮಾರು 1,500 ಮಂದಿಯನ್ನು ಹೊತ್ತೊಯ್ದವು. ಮರಳಿದ ಬೆರಳೆಣಿಕೆಯವರ ಜೊತೆ ಸಿಡುಬು ಬಂತು. 1877ರಲ್ಲಿ ಉಳಿದವರು 111. 1888ರಲ್ಲಿ ಚಿಲಿ ದ್ವೀಪವನ್ನು ಸೇರಿಸಿಕೊಂಡು, ಕುರಿ ಸಾಕಲು ಕಂಪನಿಗೆ ಕೊಟ್ಟಿತು. ಜನ ಬೇಲಿಯೊಳಗೆ, ಕುರಿಗಳು ಹೊರಗೆ. ಅವರಿಗೆ ಪೌರತ್ವ ಸಿಕ್ಕಿದ್ದು 1966ರಲ್ಲಿ.

ರೊಂಗೊರೊಂಗೊ, ಅಂದರೆ ದ್ವೀಪದವರು ಮರದ ಹಲಗೆಗಳ ಮೇಲೆ ಕೊರೆಯುತ್ತಿದ್ದ ಬರಹ, ಅದನ್ನು ಓದಬಲ್ಲವರೂ ಆ ಹಡಗು, ಆ ಸಿಡುಬಿನಲ್ಲೇ ಹೋದರು. ಉಳಿದಿರುವ ಸುಮಾರು ಎರಡು ಡಜನ್ ಹಲಗೆಗಳಲ್ಲಿ ಒಂದೂ ದ್ವೀಪದಲ್ಲಿಲ್ಲ.