ತಂಜಾವೂರು ಅರಮನೆಯಲ್ಲಿ ಒಂದು ಮಧ್ಯಾಹ್ನ

ತಂಜಾವೂರಿಗೆ ಹೋದವರು ದೊಡ್ಡ ದೇವಸ್ಥಾನ ನೋಡಿ ಹಾಗೇ ಬಸ್ಸು ಹತ್ತಿಬಿಡುತ್ತಾರೆ. ನಮ್ಮ ಮನೆಯವರ ಲೆಕ್ಕವೂ ಅದೇ ಆಗಿತ್ತು. ಬಿಸಿಲು ಬೇರೆ. ನಾನೇ ಹಠ ಮಾಡಿ ಅಪ್ಪ, ಅಮ್ಮ ಇಬ್ಬರನ್ನೂ ಆಟೋ ಹತ್ತಿಸಿದೆ.

ಮೈಸೂರು ಅರಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಬೇಜಾರಾಗುತ್ತದೆ. ಇಲ್ಲಿ ಆ ಥಳಕು ಇಲ್ಲ. ನಾಯಕ ವಂಶದ ರಾಜರು ಕಟ್ಟಿಸಿದ್ದು, ಆಮೇಲೆ 1855ರವರೆಗೆ ಮರಾಠರು ಇದ್ದಿದ್ದು, ಈಗ ಒಂದು ಕಡೆ ಆರ್ಟ್ ಗ್ಯಾಲರಿ, ಇನ್ನೊಂದು ಕಡೆ ಸರಸ್ವತಿ ಮಹಲ್ ಲೈಬ್ರರಿ, ಮತ್ತೊಂದು ಕಡೆ ರಾಜಮನೆತನದವರ ಮ್ಯೂಸಿಯಂ, ಹೋದಲ್ಲೆಲ್ಲ ಬೇರೆ ಬೇರೆ ಟಿಕೆಟ್. "ಎಷ್ಟು ಸಲ ದುಡ್ಡು ಕೊಡೋದೇ?" ಅಂತ ಅಪ್ಪ ಗೊಣಗುತ್ತಲೇ ಇದ್ದರು. ತರಂಗಂಬಾಡಿಯ ಕಡಲ ದಡಕ್ಕೆ ಬಂದು ಬಿದ್ದ ತಿಮಿಂಗಿಲದ ಅಸ್ಥಿಪಂಜರವೂ ಇಲ್ಲಿದೆ. ಅರಮನೆಯಲ್ಲಿ ಅದ್ಯಾಕೋ!

ಚೋಳರ ಕಂಚಿನ ವಿಗ್ರಹಗಳ ಮುಂದೆ ಮಾತ್ರ ಗೊಣಗಾಟ ನಿಂತಿತು. ತಿರುವೆಂಕಾಡಿನಿಂದ ಬಂದ ವೃಷಭವಾಹನ ಶಿವ, 1011ರ ಹೊತ್ತಿನವನು. ಒಂದು ಕಾಲನ್ನು ಇನ್ನೊಂದಕ್ಕೆ ಅಡ್ಡ ಹಾಕಿದ್ದಾನೆ, ಜಟೆಯನ್ನೇ ಮುಂಡಾಸಿನ ಹಾಗೆ ಸುತ್ತಿಕೊಂಡಿದ್ದಾನೆ, ಕೈಯನ್ನು ಎತ್ತಿನ ಮೇಲೆ ಊರಿದ್ದಾನೆ. ಆದರೆ ಎತ್ತೇ ಇಲ್ಲ, ಎಂದೋ ಕಳೆದುಹೋಗಿದೆ. ಆದರೂ ಆ ಕೈ ನೋಡಿದರೆ ಎತ್ತಿನ ಎತ್ತರ ಎಷ್ಟಿತ್ತು ಅಂತ ಅಂದಾಜು ಸಿಗುತ್ತದೆ. ದರ್ಬಾರ್ ಹಾಲು, ಗೋಪುರ ಎಲ್ಲ ಬಿಟ್ಟರೂ ಪರವಾಗಿಲ್ಲ, ಇವನೊಬ್ಬನನ್ನು ನೋಡದೆ ಬರಬೇಡಿ.

ನಾನು ಅಪ್ಪನಿಗೆ ಒಂದು ವಿಷಯ ಹೇಳಬೇಕು ಅಂತಲೇ ಕಾದಿದ್ದೆ. ಇಲ್ಲಿ ಮರಾಠರ ಆಳ್ವಿಕೆ ಶುರು ಮಾಡಿದ ಏಕೋಜಿ, ಶಿವಾಜಿಯ ಮಲತಮ್ಮ, ಮೊದಲು ಇದ್ದಿದ್ದು ನಮ್ಮ ಬೆಂಗಳೂರಿನಲ್ಲಿ. ಅದು ಅವನಪ್ಪ ಶಹಾಜಿಯ ಜಹಗೀರು. ಇತ್ತ ತಂಜಾವೂರು ಕೈಗೆ ಬಂದ ಮೇಲೆ ಅಷ್ಟು ದೂರದ ಬೆಂಗಳೂರು ಅವನಿಗೆ ಭಾರವಾಯಿತು, ಮಾರಲು ಹೊರಟ. ಅಷ್ಟರಲ್ಲಿ ಮೊಘಲರು ಹಿಡಿದರು. ಕೊನೆಗೆ ಚಿಕ್ಕದೇವರಾಜ ಒಡೆಯರು ಅವರಿಂದ 3 ಲಕ್ಷ ರೂಪಾಯಿಗೆ ಪಡೆದರು. "ಮೂರೇ ಲಕ್ಷನಾ?" ಅಂದರು ಅಪ್ಪ. ಸೈಟು ಕೊಳ್ಳದೆ ಉಳಿದ ಅವರ ಹಳೇ ಸಂಕಟ ಎದ್ದಿತು.

ಲೈಬ್ರರಿಯಲ್ಲಿ ನಮ್ಮಂಥವರಿಗೆ ನೋಡಲು ಸಿಗುವುದು ಚಿಕ್ಕ ಮ್ಯೂಸಿಯಂ ಅಷ್ಟೇ. ಸುಮ್ನೆ ದಾಟಿ ಹೋಗುವವರೇ ಜಾಸ್ತಿ. ಇಲ್ಲಿನ ಮರಾಠ ರಾಜ ಎರಡನೇ ಸರ್ಫೋಜಿ ಓದುವ ಹುಚ್ಚಿನವನು, ವೈದ್ಯದ ಹುಚ್ಚೂ ಇತ್ತು. ಕಣ್ಣಿನ ರೋಗಿಗಳಿಗೆ ಕೊಟ್ಟ ಚಿಕಿತ್ಸೆಯನ್ನು ಬರೆಸಿಟ್ಟಿದ್ದಾನೆ, ಜೊತೆಗೆ ಅವರ ಕಣ್ಣಿನ ಚಿತ್ರಗಳನ್ನೂ ಬಿಡಿಸಿಟ್ಟಿದ್ದಾರೆ. ಅಮ್ಮನಿಗೆ ಪೊರೆ ಆಪರೇಷನ್ ಆಗಿತ್ತಲ್ವಾ, ಶಿವನನ್ನೂ ಏಕೋಜಿಯನ್ನೂ ಬಿಟ್ಟು ಇದನ್ನೇ ಹಿಡಿದುಕೊಂಡರು. "ಆಗ ಇಂಜೆಕ್ಷನ್ ಎಲ್ಲಿತ್ತು? ನೋವಾಗ್ತಿರಲಿಲ್ವಾ?" ಕುಂಭಕೋಣ ಬರುವವರೆಗೂ ಅದೇ ಪ್ರಶ್ನೆ.