ಎರಡು ತಂತಿಗಳ ಬಿಗಿ

ಕಳೆದ ರವಿವಾರ ಕೊಪ್ಪಳದ ಹೊರಗಿನ ಬಯಲಿನಲ್ಲಿ ನನ್ನ ಕಂಟ್ರೋಲ್ ಲೈನ್ ವಿಮಾನ (ನೆಲದ ಮೇಲೆ ನಿಂತು ತಂತಿ ಹಿಡಿದು ಹಾರಿಸುವ ಮಾದರಿ ವಿಮಾನ) ಮೂರನೆಯ ಲೂಪಿನ, ಅಂದರೆ ಮೇಲೆದ್ದು ಪಲ್ಟಿ ಹೊಡೆಯುವ ಸುತ್ತಿನ, ನೆತ್ತಿಯಲ್ಲಿದ್ದಾಗ ತಂತಿ ಸಡಿಲಾಗಿ ನೆಲಕ್ಕಪ್ಪಳಿಸಿತು. ಕಿನ್ನಾಳದ ಗೊಂಬೆಯ ಮರಕ್ಕಿಂತಲೂ ಹಗುರವಾದ ಬಾಲ್ಸಾ ಮರ ಹಪ್ಪಳದಂತೆ ಪುಡಿಯಾಗಿತ್ತು. ಅಂಟು ಹಚ್ಚುತ್ತ ಕುಳಿತಾಗ, ಈ ಕ್ರೀಡೆಯ ಚರಿತ್ರೆಯ ಬಹುಪಾಲು ತಂತಿಯನ್ನು ಬಿಗಿಯಾಗಿರಿಸುವ ಹೆಣಗಾಟವೇ ಅನ್ನಿಸಿತು.

ಪೈಲಟ್ ವೃತ್ತದ ನಡುವೆ ನಿಂತು ಹಿಡಿಕೆಯನ್ನು ವಾಲಿಸಿದರೆ ಎರಡು ಉಕ್ಕಿನ ತಂತಿಗಳು ವಿಮಾನದೊಳಗಿನ ಬೆಲ್‌ಕ್ರ್ಯಾಂಕ್ ಎಂಬ ತಿರುಗುವ ಸನ್ನೆಯನ್ನು ತಿರುಗಿಸುತ್ತವೆ, ಅದು ಬಾಲದ ಎಲಿವೇಟರನ್ನು, ಅಂದರೆ ವಿಮಾನವನ್ನು ಏರಿಸಿ ಇಳಿಸುವ ಹಲಗೆಯನ್ನು, ಎತ್ತಿಳಿಸುತ್ತದೆ. ಅಮೆರಿಕದ ಓರೆಗಾನ್‌ನ ಜಿಮ್ ವಾಕರ್ 1940ರ ಸುಮಾರಿಗೆ ‘ಫೈರ್‌ಬಾಲ್’ ವಿಮಾನದ ಮೂಲಕ ಇದನ್ನು ಜನಪ್ರಿಯಗೊಳಿಸಿ ಪೇಟೆಂಟನ್ನೂ ಪಡೆದರು. ಎರಡು ಕೈಗಳಲ್ಲಿ ಎರಡು, ತಲೆಗೆ ಕಟ್ಟಿದ ಹಿಡಿಕೆಯಿಂದ ಮೂರನೆಯದು, ಹೀಗೆ ಏಕಕಾಲಕ್ಕೆ ಮೂರು ವಿಮಾನ ಹಾರಿಸಿ ಜನರನ್ನು ಬೆರಗುಗೊಳಿಸುತ್ತಿದ್ದರು. ಆದರೆ 1950ರ ದಶಕದಲ್ಲಿ ಮಾದರಿ ವಿಮಾನ ತಯಾರಿಸುತ್ತಿದ್ದ ಲೆರಾಯ್ ಕಾಕ್ಸ್ ಕಂಪನಿಯೊಡನೆ ನಡೆದ ಮೊಕದ್ದಮೆಯಲ್ಲಿ, ಓಬಾ ಸೇಂಟ್ ಕ್ಲೇರ್ ಎಂಬವರು 1930ರ ದಶಕದಲ್ಲೇ ಇಂಥ ವಿಮಾನ ಹಾರಿಸಿದ್ದರೆಂಬುದು ಸಾಬೀತಾಗಿ ಪೇಟೆಂಟ್ ರದ್ದಾಯಿತು. ತೀರ್ಪು ಸರಿಯೇ, ಆದರೂ ಮಕ್ಕಳ ಕೈಗೆ ಹಿಡಿಕೆ ಕೊಟ್ಟವರು ವಾಕರ್ ಎಂಬುದನ್ನು ನಾನು ಮರೆಯಲಾರೆ.

ಸ್ಟಂಟ್‌ಗೆ, ಅಂದರೆ ಗಾಳಿಯಲ್ಲಿ ಆಕೃತಿ ಬಿಡಿಸುವ ಈ ಹಾರಾಟಕ್ಕೆ, ನಿಜವಾದ ರೂಪ ಬಂದದ್ದು ರೆಕ್ಕೆಯ ಹಿಂಬದಿಗೆ ಫ್ಲ್ಯಾಪ್ ಎಂಬ ಚಲಿಸುವ ಪಟ್ಟಿ ಬಂದ ಮೇಲೆ. 1950ರ ದಶಕದ ಆರಂಭದಲ್ಲಿ ಜಾರ್ಜ್ ಆಲ್ಡ್ರಿಚ್ ರೂಪಿಸಿದ ‘ನೋಬ್ಲರ್’ನಲ್ಲಿ ಎಲಿವೇಟರ್ ಮೇಲೇಳುತ್ತಲೇ ಫ್ಲ್ಯಾಪ್ ಕೆಳಗಿಳಿದು ರೆಕ್ಕೆಗೆ ಹೆಚ್ಚಿನ ಎತ್ತುವ ಬಲ ದೊರಕುತ್ತಿದ್ದುದರಿಂದ, ವಿಮಾನ ವೇಗ ಕಳೆದುಕೊಳ್ಳದೆ ಚೌಕ ಲೂಪಿನ ಮೂಲೆಯನ್ನು ಚೂಪಾಗಿ ತಿರುಗಬಲ್ಲದಾಗಿತ್ತು. ಜೊತೆಗೆ ಫಾಕ್ಸ್ 35ರಂಥ ಎಂಜಿನ್: ಸಮತಲದಲ್ಲಿ ಗೊರಗೊರ ಎನ್ನುತ್ತಿದ್ದುದು ಮೂಗು ಮೇಲಾದೊಡನೆ ದನಿ ಏರಿಸಿ ಬಲ ಕೊಡುತ್ತದೆ. ಕಿವಿಗೆ ಅದಕ್ಕಿಂತ ಇಂಪಾದುದಿಲ್ಲ.

ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಇದು ಎಫ್‌2ಬಿ ವರ್ಗ. ತಂತಿಯ ಉದ್ದ 15ರಿಂದ 21.5 ಮೀಟರ್, ಸಮಯ 7 ನಿಮಿಷ, ತಲೆಕೆಳಗಾಗಿ ಹಾರುವಾಗಲೂ ನೆಲದಿಂದ 1.5 ಮೀಟರ್ ಎತ್ತರ. ಚೌಕ, ತ್ರಿಕೋನ, ಎಂಟು, ಮರಳುಗಡಿಯಾರ, ನಾಲ್ಕೆಲೆಯ ಆಕೃತಿಗಳಿಗೆ ತೀರ್ಪುಗಾರರು ಅಂಕ ಕೊಡುತ್ತಾರೆ. ಈಚೆಗೆ ವಿದ್ಯುತ್ ಮೋಟಾರುಗಳು ಅಗ್ರಸ್ಥಾನಕ್ಕೆ ಬಂದಿವೆ. ವೇಗವನ್ನು ಅವು ಹೆಚ್ಚು ಕರಾರುವಾಕ್ಕಾಗಿ ಕಾಯುತ್ತವೆ.

ಅಂದು ನಾನು ಮಾಡಿದ ತಪ್ಪು ಸರಳ. ಗಾಳಿ ದಿಕ್ಕು ಬದಲಿಸಿದ್ದನ್ನು ಗಮನಿಸದೆ ಅದಕ್ಕೆ ಎದುರಾಗಿ ಲೂಪ್ ಹಾಕಿದೆ. ಗಾಳಿ ವಿಮಾನವನ್ನು ನನ್ನತ್ತ ತಳ್ಳಿತು. ಅಂಗಿಗೆ ಮೆತ್ತಿದ ಇಂಧನದ ಹರಳೆಣ್ಣೆ ವಾಸನೆಗೆ ಅವ್ವ, ‘ಯಾರಿಗೆ ಹೊಟ್ಟಿ ಕಟ್ಟೇತಿ?’ ಎಂದು ಕೇಳಿದಳು.