ಗಬ್ಬರನ ಪ್ರಶ್ನೆಗಳಿಗೆ ಐವತ್ತು ವರ್ಷ

15 ಆಗಸ್ಟ್ 2025, ಶುಕ್ರವಾರ

‘ಶೋಲೆ’ ತೆರೆಗೆ ಬಂದು ಇಂದಿಗೆ ಸರಿಯಾಗಿ 50 ವರ್ಷ ತುಂಬಿತು. ಸ್ವಾತಂತ್ರ್ಯೋತ್ಸವದ ಶುಭಾಶಯಗಳ ನಡುವೆ ಬೆಳಗಿನಿಂದ ನನ್ನ ಮೊಬೈಲಿಗೆ ಗಬ್ಬರ್ ಸಿಂಗನ ಮುಖವೂ ಬರುತ್ತಲೇ ಇದೆ. ಜಯ್ ಮತ್ತು ವೀರೂ ಚಿತ್ರದ ನಾಯಕರಾದರೂ ಜನರ ಬಾಯಲ್ಲಿ ಉಳಿದವನು ಮಾತ್ರ ಡಕಾಯಿತ. ಹೀಗೇಕಾಯಿತು ಎಂದು ದಿನವಿಡೀ ಯೋಚಿಸಿದೆ.

‘ಹೋಲಿ ಕಬ್ ಹೈ? ಕಬ್ ಹೈ ಹೋಲಿ?’ ಎಂಬ ಅವನ ಮಾತನ್ನೇ ತೆಗೆದುಕೊಳ್ಳೋಣ. ಫಾಲ್ಗುಣ ಮಾಸ ಹತ್ತಿರವಾಯಿತೆಂದರೆ ಈ ಮೀಮ್ ಪ್ರತಿ ವರ್ಷ ತಪ್ಪದೆ ಹರಿದಾಡುತ್ತದೆ. ಹಬ್ಬದ ಹೆಸರನ್ನು ತೆಗೆದು ಅಲ್ಲಿ ಸಂಬಳ, ಪರೀಕ್ಷೆಯ ಫಲಿತಾಂಶ, ರಜೆ ಎಂದು ಏನನ್ನು ಕೂರಿಸಿದರೂ ಮಾತಿನ ಲಯ ಕೆಡುವುದಿಲ್ಲವಾದ್ದರಿಂದ ಹೋಳಿ ಮುಗಿದ ಮೇಲೂ ಅದಕ್ಕೆ ಬಿಡುವಿಲ್ಲ. ಆದರೆ ಚಿತ್ರದಲ್ಲಿ ಗಬ್ಬರ್ ಹಬ್ಬದ ದಿನವನ್ನು ಕೇಳುವುದು ಬಣ್ಣದಾಟದ ಆಸೆಯಿಂದಲ್ಲ. ರಾಮಗಢದ ಜನ ಸಂಭ್ರಮದಲ್ಲಿ ಮೈಮರೆತಿರುವಾಗ ಊರಿನ ಮೇಲೆ ಬೀಳುವ ಸಂಚು ಆ ಪ್ರಶ್ನೆಯೊಳಗಿದೆ.

ಅವನ ಹೆಸರಾಂತ ಮಾತುಗಳಲ್ಲಿ ಹೆಚ್ಚಿನವು ಪ್ರಶ್ನೆಗಳೇ ಆಗಿರುವುದನ್ನು ಗಮನಿಸಬೇಕು. ಎಷ್ಟು ಜನ ಇದ್ದರು, ಸರ್ಕಾರ ನನ್ನ ತಲೆಗೆ ಎಷ್ಟು ಬಹುಮಾನ ಕಟ್ಟಿದೆ, ಈಗ ನಿನ್ನ ಗತಿಯೇನು ಕಾಲಿಯಾ ಎಂದು ಅವನು ತನ್ನದೇ ಗುಂಪಿನವರನ್ನು ಕೇಳುತ್ತಲೇ ಹೋಗುತ್ತಾನೆ. ಮೇಲೆ ಕುಳಿತವನು ಲೆಕ್ಕ ಕೇಳುವುದು, ಕೆಳಗೆ ನಿಂತವನು ನಡುಗುತ್ತ ಉತ್ತರಿಸುವುದು ನಮ್ಮ ಕಚೇರಿ, ಶಾಲೆ, ಮನೆಗಳಲ್ಲೆಲ್ಲ ದಿನವೂ ನಡೆಯುವಂಥದ್ದು. ಮೀಮ್ ಮಾಡುವವನು ಸಾಮಾನ್ಯವಾಗಿ ಕಾಲಿಯಾನ ಜಾಗದಲ್ಲಿ ನಿಂತಿರುವವನು. ತಾನು ಹೆದರುವವನ ಮಾತನ್ನು ತಾನೇ ಆಡಿ ನಗುವುದರಲ್ಲಿ ಅವನಿಗೊಂದು ಬಿಡುಗಡೆ ಇದೆಯೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇಂಟರ್ನೆಟ್ ಬರುವುದಕ್ಕೆ ಬಹಳ ಮೊದಲೇ ಈ ಮಾತುಗಳು ಚಿತ್ರದಿಂದ ಬಿಡಿಸಿಕೊಂಡು ಹೊರಗೆ ಬಂದಿದ್ದವು. ಪಾಲಿಡಾರ್ ಕಂಪನಿಯು ಹಾಡುಗಳದ್ದಲ್ಲದೆ ಸಂಭಾಷಣೆಗಳದ್ದೇ ಗ್ರಾಮಫೋನ್ ರೆಕಾರ್ಡನ್ನು ಹೊರತಂದಾಗ, ತೆರೆಯ ಮೇಲೆ ನೋಡಿದ್ದನ್ನು ಜನ ಕಿವಿಯಿಂದ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡರು. ಹಿಂದಿಯಲ್ಲಿ ನಾಲ್ಕು ಮಾತು ಆಡಲು ತಡವರಿಸುತ್ತಿದ್ದ ನಮ್ಮ ಕಡೆಯ ಹಿರಿಯರೂ ಗಬ್ಬರನ ಮಾತನ್ನು ಮಾತ್ರ ನಿರರ್ಗಳವಾಗಿ ಒಪ್ಪಿಸುತ್ತಿದ್ದರು. ಬ್ರಿಟಾನಿಯಾ ತನ್ನ ಗ್ಲುಕೋಸ್ ಬಿಸ್ಕತ್ತಿನ ಜಾಹೀರಾತಿಗೆ ಇದೇ ಗಬ್ಬರನನ್ನು ನಿಲ್ಲಿಸಿತು. 2017ರಲ್ಲಿ ರಾಹುಲ್ ಗಾಂಧಿಯವರು ಜಿಎಸ್‌ಟಿಯನ್ನು ‘ಗಬ್ಬರ್ ಸಿಂಗ್ ಟ್ಯಾಕ್ಸ್’ ಎಂದು ಕರೆದಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ.

ಸಲೀಂ–ಜಾವೇದ್ ಜೋಡಿ ಬರೆದ ಮಾತುಗಳಿಗೆ ದನಿ ಕೊಟ್ಟ ಅಮ್ಜದ್ ಖಾನ್ ಅಂದಿಗೆ ಹೊಸಬರೇ. ಡ್ಯಾನಿ ಡೆನ್ಜೋಂಗ್ಪ ಅವರಿಗೆ ಬೇರೆ ಚಿತ್ರದ ಕೆಲಸವಿದ್ದುದರಿಂದ ಪಾತ್ರ ಇವರ ಪಾಲಿಗೆ ಬಂತು. ಗಬ್ಬರನಿಗೆ ಈ ಕಂಠ ಸಾಲದು ಎಂಬ ಮಾತೂ ಆಗ ಕೇಳಿಬಂದಿತ್ತು. ಇಂದು ಚಿತ್ರವನ್ನೇ ನೋಡದ ಮಕ್ಕಳು ಅನುಕರಿಸುವುದು ಆ ಕಂಠವನ್ನೇ: ಪದವನ್ನು ಎಳೆಯುವ ರೀತಿ, ಒಂದೇ ವಾಕ್ಯವನ್ನು ತಿರುಗಿಸಿ ಮತ್ತೆ ಕೇಳುವ ರೀತಿ. 1992ರಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರು ಇದನ್ನು ಕಾಣಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಸಂಜೆ ‘ಕಿತ್ನೇ ಆದ್ಮಿ ಥೇ’ ದೃಶ್ಯವನ್ನು ಪೂರ್ತಿಯಾಗಿ ನೋಡಿದೆ. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ರಾಮನಗರದ ಬಂಡೆಗಳ ಮೇಲೆ ಮೊದಲು ಕಾಣುವುದು ಬೂಟುಗಳು. ಜೊತೆಗೆ ಕೈಯಲ್ಲಿ ಹಿಡಿದ ಬೆಲ್ಟು ಕಲ್ಲಿಗೆ ಉಜ್ಜುವ ಸದ್ದು. ರಿವಾಲ್ವರಿನಲ್ಲಿ ಆರು ಗುಂಡು, ಎದುರಿಗೆ ಕಾಲಿಯಾ ಸೇರಿದಂತೆ ಸೋತು ಬಂದ ಅವನದೇ ಗುಂಪಿನ ಮೂವರು. ಇದು ಅನ್ಯಾಯವೆಂದು ಅವನು ಮೂರು ಗುಂಡುಗಳನ್ನು ಗಾಳಿಗೆ ಹಾರಿಸಿ, ಉಳಿದ ಮೂರರೊಡನೆ ಗುಂಡಿನ ಚಕ್ರವನ್ನು ತಿರುಗಿಸಿ, ಒಬ್ಬೊಬ್ಬರ ತಲೆಗೂ ಗುರಿಯಿಟ್ಟು ಕುದುರೆಯೊತ್ತುತ್ತಾನೆ. ಮೂವರೂ ಬದುಕುತ್ತಾರೆ. ಗಬ್ಬರ್ ನಗುತ್ತಾನೆ, ಅವರೂ ನಗುತ್ತಾರೆ, ಗುಂಪಿಗೆ ಗುಂಪೇ ನಗುತ್ತದೆ. ಮರುಕ್ಷಣ ಮೂವರನ್ನೂ ಕೊಲ್ಲುತ್ತಾನೆ. ಮೀಮಿನಲ್ಲಿ ಬರುವ ಕೆಲವೇ ಸೆಕೆಂಡುಗಳ ತುಣುಕು ಪ್ರಶ್ನೆ ಮುಗಿದೊಡನೆ ನಿಂತುಬಿಡುವುದರಿಂದ ಈ ನಗುವಾಗಲಿ, ನಂತರದ ಕೊಲೆಯಾಗಲಿ ಅದರಲ್ಲಿ ಇಲ್ಲ. ಮೀಮನ್ನಷ್ಟೇ ಬಲ್ಲ ನನ್ನ ಅಕ್ಕನ ಮಗನಿಗೆ ಈ ದೃಶ್ಯವನ್ನು ಮೊದಲಿನಿಂದ ಕೊನೆಯವರೆಗೆ ಭಾನುವಾರ ತೋರಿಸಬೇಕೆಂದಿದ್ದೇನೆ.